ಗಾರೆ ಮೇಸ್ತ್ರಿಯ ಅಪ್ಪನ ಗೋಡೆ

ಕಳೆದ ವಾರ ದೋಹಾದಲ್ಲಿ ಮಳೆ ಬಂತು. ಮಳೆ ಎಂದರೆ ನಮ್ಮ ಕರಾವಳಿಯವರು ನಗಬೇಕು, ಒಟ್ಟು ಅರ್ಧ ಗಂಟೆ. ಅಷ್ಟಕ್ಕೇ ಅಲ್ ಹಿಲಾಲ್‌ನಲ್ಲಿರುವ ನಮ್ಮ ಬಿಲ್ಡಿಂಗಿನ ತಾರಸಿ ಸೋರಿ ಅಡುಗೆಮನೆಯ ಸೀಲಿಂಗಿನಿಂದ ಹನಿ ಬೀಳತೊಡಗಿತು. ಮರುದಿನ ವಾಚ್‌ಮನ್ ಬಿಳಿ ಡ್ರಮ್ಮೊಂದನ್ನು ಹೊತ್ತು ಮೇಲೆ ಹೋದ. ನಾನೂ ಹಿಂದೆಯೇ ಹೋದೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿಸಿದವನಿಗೆ ಬೇರೆಯವರು ಬ್ರಷ್ ಹಿಡಿದರೆ ಸುಮ್ಮನಿರಲು ಆಗುವುದಿಲ್ಲ. ಅವನು ಮುಚ್ಚಳ ಎತ್ತಿದ. ವಾಟರ್‌ಪ್ರೂಫ್ ಪೇಂಟಿನ ಆ ಹುಳಿ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಕೆಳಗೆ ಬಂದು ಸೋಫಾದಲ್ಲಿ ಕುಳಿತೆ. ಹೆಂಡತಿ ಅಡುಗೆಮನೆಯಿಂದಲೇ ನೋಡಿದಳು.

"ಎಂತ ಮಾರ್ರೆ, ಮುಖ ಹೀಗುಂಟು? ಬಿ.ಪಿ. ಮಾತ್ರೆ ತಗೊಂಡಿದ್ದೀರಾ ಇಲ್ವಾ?"

"ತಗೊಂಡಿದ್ದೇನೆ. ಮೇಸ್ತ್ರಿ ನೆನಪಾದ."

ಅವಳು ಒಂದು ಲೋಟ ಚಹಾ ತಂದಿಟ್ಟು ಹೋದಳು. ಇಡೀ ಕತೆ ಗೊತ್ತಿರುವುದು ಅವಳೊಬ್ಬಳಿಗೇ. ಬೇರೆ ಯಾರಿಗಾದರೂ ಹೇಳಿಕೊಳ್ಳಲು ನನಗೆ ಮುಖವಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಇಲ್ಲೇ ಒಂದು ಸಣ್ಣ ಕಂಟ್ರಾಕ್ಟಿಂಗ್ ಕಂಪೆನಿಯಲ್ಲಿ ಫಿನಿಶಿಂಗ್ ಕೆಲಸಗಳ ಫೋರ್‌ಮ್ಯಾನ್ ಆಗಿದ್ದೆ. ಪ್ಲಾಸ್ಟರ್, ಪೇಂಟ್, ಟೈಲ್ಸ್, ವಾಟರ್‌ಪ್ರೂಫಿಂಗ್... ಕಟ್ಟಡ ಕಟ್ಟಿದವರು ಮಾಡಿಟ್ಟ ತಪ್ಪುಗಳನ್ನೆಲ್ಲ ಮುಚ್ಚುವ ಕೆಲಸ ಎಂದರೂ ಸರಿಯೆ. ವೆಸ್ಟ್ ಬೇಯಲ್ಲಿ ಒಂದು ಹೋಟೆಲಿನ ಕೆಲಸ ಸಿಕ್ಕಿತ್ತು. ಅದರ ಲಾಬಿಯಲ್ಲಿ ಒಂದು ದೊಡ್ಡ ಗೋಡೆ, ಅದರ ಮೇಲೆ ಕೈಯಲ್ಲೇ ಗಾರೆ ಒತ್ತಿ ಮರಳ ದಿಬ್ಬಗಳ ಹಾಗೆ ಅಲೆ ಅಲೆ ಎಬ್ಬಿಸಬೇಕೆಂದು ಡ್ರಾಯಿಂಗಿನಲ್ಲಿತ್ತು. ನಮ್ಮಲ್ಲಿ ಅದನ್ನು ಮಾಡಬಲ್ಲವನು ಮೇಸ್ತ್ರಿಯೊಬ್ಬನೇ. ನೈಜೀರಿಯಾದವನು, ಯೊರುಬಾ ಜನ. ನನಗಿಂತ ಎಂಟು ಹತ್ತು ವರ್ಷಕ್ಕೆ ಹಿರಿಯ. ನಾನು ಅವನನ್ನು ಮೇಸ್ತ್ರಿ ಎಂದೇ ಕರೆದದ್ದರಿಂದ ಸೈಟಿನಲ್ಲಿ ನೇಪಾಳಿಗಳಿಗೂ ಬಂಗಾಳಿಗಳಿಗೂ ಅವನು ಮೇಸ್ತ್ರಿಯೇ ಆದ.

ಮೊದಮೊದಲು ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಷ್ಟು ನಿಧಾನ! ಗಾರೆ ಕಲಸಿ ಅದನ್ನು ಹತ್ತು ನಿಮಿಷ ಸುಮ್ಮನೆ ನೋಡುತ್ತಿದ್ದ. ಕರಣೆಯನ್ನು ಬಕೆಟ್ಟಿನಲ್ಲಿ ಬಿಟ್ಟು ಹೆಬ್ಬೆರಳಿನಿಂದ ಒತ್ತುತ್ತಿದ್ದ. ಒಣಗಿದೆಯೋ ಇಲ್ಲವೋ ಎಂದು ಅಂಗೈ ತಿರುಗಿಸಿ ಹಿಂಬದಿಯಿಂದ ಮುಟ್ಟುತ್ತಿದ್ದ, ತಾಯಂದಿರು ಮಗುವಿನ ಜ್ವರ ನೋಡುವ ಹಾಗೆ.

"ಯಲ್ಲಾ ಮೇಸ್ತ್ರಿ, ಗೋಡೆಗೆ ಜ್ವರ ಇಲ್ಲ ಮಾರಾಯ, ಕೆಲಸ ನೋಡು" ಎಂದು ನಾನು ಬೊಬ್ಬೆ ಹೊಡೆಯುತ್ತಿದ್ದೆ.

"ಇದೆ ಫೋರ್‌ಮ್ಯಾನ್. ಒಳಗೆ ಇದೆ" ಎನ್ನುತ್ತಿದ್ದ. ನಮ್ಮ ಮಾತು ಇಂಗ್ಲಿಷು, ಸೈಟಿನ ಹಿಂದಿ, ನಾಲ್ಕು ಅರಬ್ಬಿ ಶಬ್ದ ಎಲ್ಲ ಸೇರಿದ ಚಿತ್ರಾನ್ನ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ. "ಮಾರಾಯ" ಎಂಬುದನ್ನು ಮಾತ್ರ ಅವನು ನಮ್ಮವರಿಂದಲೇ ಕಲಿತಿದ್ದ. ಎಲ್ಲೆಂದರಲ್ಲಿ ಬಳಸುತ್ತಿದ್ದ. ಒಮ್ಮೆ ಕನ್ಸಲ್ಟಂಟ್ ಎಂಜಿನಿಯರಿಗೇ ಮಾರಾಯ ಎಂದು ಬಿಟ್ಟಿದ್ದ.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವನು ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಕಾಡಿನ ನಡುವೆ ಒಂದು ಕಟ್ಟಡ. ಕಟ್ಟಡವೋ, ಹುತ್ತವೋ... ಎಲ್ಲೂ ಒಂದು ನೇರ ಗೆರೆ ಇಲ್ಲ. ಗೋಡೆಯೊಳಗಿಂದ ದೊಡ್ಡ ಕಣ್ಣಿನ ಹೆಂಗಸರು, ಮೀನುಗಳು, ಕೈ ಎತ್ತಿದ ಗಂಡಸರು ಉಬ್ಬಿ ಹೊರಬಂದಿದ್ದರು.

"ಎಂತ ಮಾರಾಯ ಇದು, ಲೆವೆಲ್ಲೇ ಇಲ್ವಲ್ಲ!" ಎಂದೆ.

ಅವನು ಅನ್ನದ ತುತ್ತು ಕೈಯಲ್ಲಿ ಹಿಡಿದು ಜೋರಾಗಿ ನಕ್ಕ. ಆಮೇಲೆ ಹೇಳಿದ. ಅದು ಅವರ ಹೊಳೆಯ ದೇವಿಯ ಗುಡಿ. ಅವನು ಚಿಕ್ಕವನಿದ್ದಾಗ ಆ ಊರಿನ ಮರಗೆಲಸದವರು, ಗಾರೆಯವರು, ಬಣ್ಣ ಬಳಿಯುವ ಹೆಂಗಸರು ಸೇರಿ ಕಟ್ಟಿದ್ದು. ಡ್ರಾಯಿಂಗ್ ಎಂಬುದೇ ಇರಲಿಲ್ಲವಂತೆ. ಯಾರ ಪಾಲಿಗೆ ಯಾವ ಗೋಡೆ ಬಂತೋ ಅವರು ದೇವಿಯನ್ನು ಕೇಳಿಕೊಂಡು, ಕೈಗೆ ಬಂದ ಹಾಗೆ ಮಣ್ಣು ಮೆತ್ತುತ್ತ ಹೋದದ್ದು. ಹೊಳೆಯ ಕಡೆಯ ಗೋಡೆ ಅವನ ಅಪ್ಪನದ್ದು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಒಬ್ಬ ಹೆಂಗಸು ಅದರಲ್ಲಿದ್ದಳು. ಅವನು ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದ. ಅವಳ ಕೆನ್ನೆಯ ಮೇಲೆ ಹೆಬ್ಬೆರಳಿನ ಗುರುತುಗಳು ಹಾಗೇ ಇದ್ದವು.

"ಅಪ್ಪನದ್ದು" ಎಂದ. "ಅಪ್ಪನ ಫೋಟೊ ಒಂದೂ ಇಲ್ಲ ಫೋರ್‌ಮ್ಯಾನ್. ಇದೇ ಇರುವುದು."

ಆ ಗೋಡೆಯ ಕೆಳಭಾಗವನ್ನು ಗೆದ್ದಲು ತಿಂದು, ಮಳೆ ಮೆದುಮಾಡಿ, ಹೆಂಗಸಿನ ಕಾಲು ಆಗಲೇ ಉದುರಿಹೋಗಿತ್ತು. ಅಲ್ಲಿಯ ಹಿರಿಯರು ಕೂತು ಗುಡಿಯ ಜೀರ್ಣೋದ್ಧಾರ ಎಂದು ತೀರ್ಮಾನಿಸಿದ್ದರು. ಮಾರ್ಚ್ ಕೊನೆಗೆ ಅಲ್ಲಿ ಮಳೆ ಶುರು. ಅಷ್ಟರೊಳಗೆ ಆ ಗೋಡೆಯನ್ನು ಉಳಿಸಿಕೊಳ್ಳಬೇಕು, ಇಲ್ಲವಾದರೆ ಹೋಯಿತು.

ಜೀರ್ಣೋದ್ಧಾರ ಎಂದ ಕೂಡಲೇ ನನಗೆ ಉಮೇದು ಬಂತು. ನಮ್ಮ ಕುಟುಂಬದ ದೈವಸ್ಥಾನದ್ದೂ ಎರಡು ವರ್ಷ ಹಿಂದೆ ಆಗಿತ್ತಲ್ಲ. "ಕೆಲಸ ಮುಗಿಯುವ ತನಕ ನಿಮ್ಮ ದೇವಿಯನ್ನು ಎಲ್ಲಿ ಇಡ್ತೀರಿ? ನಮ್ಮಲ್ಲಿ ಪಕ್ಕದಲ್ಲೇ ಒಂದು ಸಣ್ಣ ಬಾಲಾಲಯ ಕಟ್ಟಿ ಅದರಲ್ಲಿ ಇಡ್ತೇವೆ" ಎಂದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವಳನ್ನು ಎಲ್ಲಿಗೂ ಕಳಿಸುವುದಿಲ್ಲ, ಅವಳು ಅಲ್ಲೇ ಕೂತು ಕೆಲಸ ನೋಡುತ್ತಾಳೆ ಎಂದ. ನಾನು ನಮ್ಮ ದೈವಸ್ಥಾನದ ಫೋಟೊ ತೆಗೆದು ತೋರಿಸಿದೆ. ಹೊಳೆಯುವ ಗ್ರಾನೈಟು, ಸ್ಟೀಲಿನ ರೇಲಿಂಗು, ಟೈಲ್ಸ್ ಕೊಟ್ಟವರ ಪಟ್ಟಿಯಲ್ಲಿ ನನ್ನ ಹೆಸರು. ಅವನು ಬಹಳ ಹೊತ್ತು ನೋಡಿದ. ಹಿಂದೆ ಹೇಗಿತ್ತು ಎಂದು ಕೇಳಿದ. ಮುರಕಲ್ಲಿನ ಗೋಡೆ, ಕೆತ್ತನೆಯ ಹಲಸಿನ ಕಂಬಗಳಿದ್ದವು ಎಂದೆ.

"ಆ ಕಂಬಗಳು ಈಗ ಎಲ್ಲಿವೆ?"

ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಕಮಿಟಿಯ ವಾಟ್ಸಾಪ್ ಗ್ರೂಪಿನಲ್ಲಿ ಕೇಳೋಣವೆಂದು ಎಷ್ಟೋ ಸಲ ಅಂದುಕೊಂಡೆ. ಕೇಳಿದರೆ ಗಲ್ಫಿನಲ್ಲಿ ಕೂತು ಮೂಗು ತೂರಿಸುತ್ತಾನೆ ಎನ್ನುತ್ತಾರೆ ಎಂದು ಸುಮ್ಮನಾದೆ.

ಜನವರಿಯಲ್ಲಿ ಅವನು ಎರಡು ತಿಂಗಳ ರಜೆ ಕೇಳಿದ. ನಾಲ್ಕು ವರ್ಷದಿಂದ ಊರಿಗೆ ಹೋಗದವನು. ಫಾರ್ಮ್ ಮೊದಲು ನನ್ನ ಮೇಜಿಗೆ ಬರಬೇಕು, ನಾನು ಬರೆದ ಮೇಲೆಯೇ ಮ್ಯಾನೇಜರನ ಹತ್ತಿರ ಹೋಗುವುದು. ಏಪ್ರಿಲಿಗೆ ಹೋಟೆಲಿನ ಹ್ಯಾಂಡೋವರ್, ಕೆಲಸ ಮುಗಿಸಿ ಮಾಲೀಕರಿಗೆ ಒಪ್ಪಿಸಬೇಕು. ಲಾಬಿಯ ಗೋಡೆ ಅರ್ಧವೂ ಆಗಿರಲಿಲ್ಲ. ಅವನು ಹೋದರೆ ಆ ಗೋಡೆ ಹಾಗೇ ನಿಲ್ಲುತ್ತದೆ, ಬೈಗುಳ ತಿನ್ನುವವನು ನಾನು. ಫಾರ್ಮಿನ ಮೇಲೆ ಬರೆದೆ: "ಹ್ಯಾಂಡೋವರ್ ತನಕ ಸಾಧ್ಯವಿಲ್ಲ." ಸಹಿ ಹಾಕಿದೆ. ಮ್ಯಾನೇಜರ್ ಓದಿದನೋ ಇಲ್ಲವೋ, ಕೆಳಗೆ ಅವನದ್ದೂ ಸಹಿ ಬಿತ್ತು. ಮೇಸ್ತ್ರಿ ಫಾರ್ಮನ್ನು ಮಡಚಿ ಜೇಬಿಗಿಟ್ಟುಕೊಂಡ, ಜಗಳವಾಡಲಿಲ್ಲ. ಜಗಳವಾಡಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಆಮೇಲೆ ಊರಿನಲ್ಲಿ ಕೆಲಸ ಅವನ ಅಕ್ಕನ ತಲೆಗೆ ಬಂತು. ಗುಡಿಯ ಗೋಡೆಗೆ ಬಣ್ಣ ಬಳಿಯುವ ಹೆಂಗಸರಲ್ಲಿ ಅವಳೂ ಒಬ್ಬಳು. ಬಣ್ಣವೇನೋ ಅವಳ ಕೈಯಲ್ಲಿತ್ತು, ಮಣ್ಣು ಮೆತ್ತುವ ಕೆಲಸ ಮಾತ್ರ ಅಪ್ಪನಿಂದ ಇವನಿಗೆ ಬಂದದ್ದು. ದಿನಾ ಊಟದ ಬಿಡುವಿನಲ್ಲಿ ವಿಡಿಯೊ ಕಾಲ್. ಅಕ್ಕ ಫೋನನ್ನು ಗೋಡೆಯ ಹತ್ತಿರ ಹಿಡಿಯುವುದು, ಇವನು ಇಲ್ಲಿ ಸಿಮೆಂಟು ಚೀಲಗಳ ಮೇಲೆ ಕೂತು ಗಾಳಿಯಲ್ಲೇ ಹೆಬ್ಬೆರಳಿನಿಂದ ಒತ್ತಿ ತೋರಿಸುವುದು. ನೇಪಾಳಿಗಳು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ, ಆ ಕಡೆ ನೋಡುತ್ತಲೂ ಇರಲಿಲ್ಲ.

ಮಾರ್ಚ್ ಬಂತು. ಹೊಸ ಮಣ್ಣು ಇನ್ನೂ ಹಸಿ, ಅಲ್ಲಿ ಮೋಡ ಕಟ್ಟಲು ಶುರು. ಮೇಸ್ತ್ರಿ ಊಟ ಬಿಟ್ಟ. ಅವನ ಮುಖ ನೋಡಲಾಗದೆ ನಾನು ನನಗೆ ಗೊತ್ತಿದ್ದ ಒಂದೇ ಔಷಧಿ ಹೇಳಿದೆ. ಗಲ್ಫಿನ ಸೈಟಿನಲ್ಲಿ ಬೆಳೆದ ನಮ್ಮಂಥವರಿಗೆ ಸೋರುವುದಕ್ಕೆಲ್ಲ ಅದೊಂದೇ ಮದ್ದು.

"ವಾಟರ್‌ಪ್ರೂಫ್ ಹೊಡೆಸು ಮಾರಾಯ. ಎರಡು ಕೋಟ್, ಖಲಾಸ್. ಹತ್ತು ವರ್ಷ ನೀರು ಒಳಗೆ ಹೋಗ್ಲಿಕ್ಕಿಲ್ಲ."

ಅವನು ಅನುಮಾನದಿಂದ ನನ್ನನ್ನು ನೋಡಿದ. ಅಕ್ಕನಿಗೆ ಫೋನ್ ಹಚ್ಚಿದ. ಅವಳು ಬೇಡವೇ ಬೇಡ ಎಂದಳು. ಅವರು ಪ್ರತಿ ವರ್ಷ ಮಳೆಗೆ ಮುಂಚೆ ಒಂದು ಕಾಡುಮರದ ಕಾಯಿಯ ಸಿಪ್ಪೆ ಕುದಿಸಿ, ಆ ಕಂದು ನೀರನ್ನು ಗೋಡೆಗೆ ಬಳಿಯುವುದಂತೆ. ಈ ಸಲವೂ ಅದನ್ನೇ ಬಳಿದು, ಮೇಲೆ ಗರಿಯ ಚಪ್ಪರ ಹಾಕಿದರೆ ಸಾಕು, ಗೋಡೆ ಉಸಿರಾಡಬೇಕು ಎಂದಳು. ನಾನು ಫೋನು ಕಸಿದುಕೊಂಡೆ. ಹೌದು, ಕಸಿದುಕೊಂಡೆ ಎಂದೇ ಬರೆಯಬೇಕು. "ಸಿಸ್ಟರ್, ನೋ ಪ್ರಾಬ್ಲಮ್. ನಾನು ಗ್ಯಾರಂಟಿ" ಎಂದೆ. ಸ್ಕ್ರೀನಿನಲ್ಲಿ ಅವಳು ನನ್ನ ಹೆಲ್ಮೆಟ್ಟನ್ನೇ ನೋಡುತ್ತಿದ್ದಳು.

ಮೇಸ್ತ್ರಿ ಯಾಕೆ ನನ್ನ ಮಾತು ಕೇಳಿದ? ಮಣ್ಣಿನ ವಿಷಯ ನನಗಿಂತ ನೂರು ಪಾಲು ಗೊತ್ತಿದ್ದವನು. ಎಷ್ಟು ಯೋಚಿಸಿದರೂ ನನಗೆ ಹೊಳೆಯುವುದು ಇಷ್ಟೇ. ಅವನಿಗೆ ಸುಸ್ತಾಗಿತ್ತು. ಕೈ ಅಲ್ಲಿರಬೇಕಾದವನು ಇಲ್ಲಿದ್ದ. ಇಷ್ಟು ವರ್ಷ ಡ್ರಮ್ಮುಗಳ ನಡುವೆ ಬದುಕಿ ಅವನಿಗೂ ಅದರ ಮೇಲೆ ನಂಬಿಕೆ ಕೂತಿತ್ತೋ ಏನೋ... ನಾನು ಒಂದು ಕಾಗದದಲ್ಲಿ ಎಷ್ಟು ನೀರು, ಎಷ್ಟು ಕೋಟ್, ನಡುವೆ ಎಷ್ಟು ಗಂಟೆ ಎಂದೆಲ್ಲ ಬರೆದುಕೊಟ್ಟೆ. ಅವನು ಅದರ ಫೋಟೊ ತೆಗೆದು ಕಳಿಸಿದ. ಅಂಥದ್ದೇ ಡ್ರಮ್ಮು ಲಾಗೋಸಿನಿಂದ ತರಿಸಿದರು.

ಮಳೆ ಬಂತು. ಅಕ್ಕನ ವಿಡಿಯೊದಲ್ಲಿ ಗೋಡೆ ಫಳಫಳ ಹೊಳೆಯುತ್ತಿತ್ತು, ಒಂದು ಹನಿ ಒಳಗೆ ಹೋಗಲಿಲ್ಲ. ನಾನು ಸೈಟಿನಲ್ಲಿ ಎದೆಯುಬ್ಬಿಸಿ ತಿರುಗಿದೆ. "ನೋಡಿದೆಯಾ ಮೇಸ್ತ್ರಿ?" ಎಂದು ದಿನಕ್ಕೆರಡು ಸಲ ಕೇಳುತ್ತಿದ್ದೆ.

ನನಗೆ ಹೊಳೆಯದೆ ಹೋದದ್ದು ಸಣ್ಣ ವಿಷಯ. ನೆಲದಿಂದ ಏರುವ ತೇವ, ಮಣ್ಣಿನಲ್ಲೇ ಇದ್ದ ಹಸಿ, ಎರಡಕ್ಕೂ ಹೊರಹೋಗಲು ದಾರಿ ಇರಲಿಲ್ಲ. ಕಾಂಕ್ರೀಟಿಗೆ ಹಾಕುವ ಅಂಗಿಯನ್ನು ನಾನು ಮಣ್ಣಿಗೆ ತೊಡಿಸಿದ್ದೆ. ಒಳಗೊಳಗೇ ಗೋಡೆ ಅಂಬಲಿಯಾಗಿತ್ತು. ಹ್ಯಾಂಡೋವರಿಗೆ ಇನ್ನು ಮೂರು ದಿನ ಇರುವಾಗ, ಬೆಳಿಗ್ಗೆ ಚಹಾದ ಹೊತ್ತಿಗೆ, ಅಕ್ಕನ ವಿಡಿಯೊ ಬಂತು. ಬಣ್ಣದ ಸಿಪ್ಪೆ ಚೀಲದ ಹಾಗೆ ಹರಿದು ಬಿದ್ದಿತ್ತು, ಅದರೊಳಗಿಂದ ಕೆಸರು ಹರಿದಿತ್ತು. ಗೆದ್ದಲು ಮುಟ್ಟದೆ ಬಿಟ್ಟಿದ್ದ ಮೇಲ್ಭಾಗವೂ ಜೊತೆಗೇ ಕುಸಿದಿತ್ತು. ಬೆನ್ನಿಗೆ ಮಗು ಕಟ್ಟಿಕೊಂಡ ಹೆಂಗಸು ಇರಲಿಲ್ಲ. ಕೆನ್ನೆಯೂ ಇರಲಿಲ್ಲ, ಹೆಬ್ಬೆರಳಿನ ಗುರುತೂ ಇರಲಿಲ್ಲ. ಕ್ಯಾಮೆರಾ ಕೆಸರಿನ ಮೇಲೆ ಮೆಲ್ಲನೆ ಆಚೀಚೆ ಹೋಗುತ್ತಿತ್ತು. ಹಿಂದಿನಿಂದ ಅಕ್ಕ ಅಳುವುದು ಕೇಳುತ್ತಿತ್ತು.

ಅವನು ಅದನ್ನು ಎರಡು ಸಲ ನೋಡಿದ. ಫೋನು ಜೇಬಿಗಿಟ್ಟ. ಎದ್ದು ಹೋಗಿ ಲಾಬಿಯ ಗೋಡೆಯ ಕೊನೆಯ ಅಲೆಗಳನ್ನು ಮಾಡತೊಡಗಿದ. ಸಂಜೆಯವರೆಗೆ ಮಾಡಿದ. ನಾನು ಕರೆದರೂ ತಿರುಗಲಿಲ್ಲ. ಆ ಗೋಡೆ ಇವತ್ತಿಗೂ ಆ ಹೋಟೆಲಿನಲ್ಲಿದೆ, ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಆ ಬಾಗಿಲು ದಾಟಿ ಒಳಗೆ ಹೋದವನಲ್ಲ.

ಕೆಲಸ ಬಿಡುತ್ತೇನೆಂದು ಬರೆದುಕೊಟ್ಟ. ಈ ಸಲ ನಾನು ಓದದೆ ಸಹಿ ಹಾಕಿದೆ. ಏರ್‌ಪೋರ್ಟಿಗೆ ನನ್ನ ಕಾರಿನಲ್ಲೇ ಬಿಟ್ಟೆ. ದಾರಿಯಲ್ಲಿ ಸಾರಿ ಎಂದೆ, ಒಂದಲ್ಲ, ನಾಲ್ಕೈದು ಸಲ. ಅವನು ಕಿಟಕಿಯ ಆಚೆ ನೋಡುತ್ತಿದ್ದ.

"ಈಗ ಮಾತಾಡಿಸಬೇಡ ಫೋರ್‌ಮ್ಯಾನ್. ಬಾಯಿ ತೆರೆದರೆ ಕೆಟ್ಟದ್ದೇ ಬರ್ತದೆ."

ಇಳಿಯುವಾಗ ಬ್ಯಾಗು ಎತ್ತಿಕೊಟ್ಟೆ. ಅವನು ನನ್ನ ಕೈಯನ್ನು ಒಂದು ಕ್ಷಣ ಹಿಡಿದ. ಕುಲುಕಿದ್ದೂ ಅಲ್ಲ, ಸುಮ್ಮನೆ ಹಿಡಿದದ್ದು... ಆಮೇಲೆ ಒಳಗೆ ಹೋದ.

ಏಳು ತಿಂಗಳು ಸುದ್ದಿಯಿಲ್ಲ. ಆಮೇಲೆ ಒಂದು ದಿನ ಫೋಟೊ ಬಂತು, ಹೊಳೆಯ ಕಡೆಗೆ ಹೊಸ ಗೋಡೆ ಎದ್ದಿತ್ತು. ಅದರಲ್ಲಿ ಆ ಹೆಂಗಸು ಇರಲಿಲ್ಲ. ಬಾಗಿ ಕೂತು ಎರಡೂ ಕೈಗಳಿಂದ ನೆಲ ಮುಟ್ಟುತ್ತಿರುವ ಒಬ್ಬ ಮುದುಕ ಇದ್ದ. ಅಪ್ಪನದ್ದನ್ನೇ ಮತ್ತೆ ಯಾಕೆ ಮಾಡಲಿಲ್ಲ ಎಂದು ಕೇಳಿ ಬರೆದೆ. ಉತ್ತರಕ್ಕೆ ಅವನ ವಾಯ್ಸ್ ಮೆಸೇಜ್ ಬಂತು: "ಅಪ್ಪನ ಕೈ ನನಗಿಲ್ಲ ಫೋರ್‌ಮ್ಯಾನ್. ನನ್ನ ಕೈಗೆ ಬಂದದ್ದು ಮಾಡಿದೆ. ಹಿರಿಯರು ನೋಡಿದರು, ಆಗಬಹುದು ಎಂದರು." ಅದರ ಕೊನೆಗೆ ಸಣ್ಣಗೆ "ಮಾರಾಯ" ಎಂದದ್ದು ಕೇಳಿ ನಾನು ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ. ಅಷ್ಟೊತ್ತಿಗೆ ನಮ್ಮ ಕಂಪೆನಿ ಮುಚ್ಚಿ ನಾನು ದೂರದ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಮೇಂಟೆನೆನ್ಸ್ ಕೆಲಸಕ್ಕೆ ಸೇರಿದ್ದೆ. ಬೆಳಗಿನ ಬಸ್ಸಿನಲ್ಲಿ ಎಲ್ಲರೂ ನಿದ್ದೆ ಮಾಡುತ್ತಿರುತ್ತಾರೆ, ಯಾರೂ ನೋಡಲಿಲ್ಲ.

ಹೋದ ವರ್ಷ ಅವನ ನಂಬರಿನಿಂದ ಅಕ್ಕ ಸಂದೇಶ ಕಳಿಸಿದ್ದಳು. ಮೂರು ದಿನ ಜ್ವರವಂತೆ. ನಾಲ್ಕನೆಯ ದಿನ ಅವನೇ ಇಲ್ಲ. ನಾನು ಎರಡು ಸಾಲು ಬರೆದು ಕಳಿಸಿದೆ, ಎಲ್ಲರೂ ಬರೆಯುವಂಥದ್ದು. ಫೋನು ಮಾಡುವ ಧೈರ್ಯವಾಗಲಿಲ್ಲ.

ಕಳೆದ ವಾರ ತಾರಸಿಯಿಂದ ಇಳಿದು ಬಂದ ಮೇಲೆ, ಆ ಚಹಾ ತಣ್ಣಗಾದ ಮೇಲೆ, ಫೋನು ಮಾಡಿದೆ. ಶುಕ್ರವಾರ, ನನಗೆ ರಜೆ. ಅವಳು ಎತ್ತಿದಳು. ಯಾರೆಂದು ಹೇಳುವ ಮೊದಲೇ "ಹೆಲ್ಮೆಟ್ಟಿನವರು" ಎಂದಳು.

ಇಷ್ಟು ವರ್ಷ ಮೇಸ್ತ್ರಿಗೆ ಹೇಳಿ ಹೇಳಿ ಸವೆದ ಆ ಸಾರಿ ಎಂಬ ಮಾತನ್ನೇ ಅವಳಿಗೂ ಹೇಳಿದೆ. ನಿಮ್ಮ ಗೋಡೆ ಬಿದ್ದದ್ದು ನನ್ನಿಂದ, ನೀವು ಬೇಡ ಎಂದಿರಿ, ನಾನೇ ಕೇಳಲಿಲ್ಲ ಎಂದೆ. ಆಮೇಲೆ ಅವಳು ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ. ತಮ್ಮನು ಊರಿಗೆ ಬಂದ ದಿನ ಹಿರಿಯರು ಅವನನ್ನು ಗುಡಿಯ ಮುಂದೆ ಕರೆದು, ಆ ಬಣ್ಣ ಹೊಡೆಸಿದ್ದು ಯಾರು ಎಂದು ಕೇಳಿದರಂತೆ. ಅವನು ನೆಲಕ್ಕೆ ಉದ್ದಕ್ಕೆ ಬಿದ್ದು, ನಾನೇ, ಬೇರೆ ಯಾರೂ ಇಲ್ಲ ಎಂದನಂತೆ. ಅಕ್ಕ ಬಾಯಿ ತೆರೆಯಲು ಹೋದರೆ ಕಣ್ಣಿನಲ್ಲೇ ತಡೆದನಂತೆ.

"ಯಾಕೆ ಹಾಗೆ ಹೇಳಿದ?" ಎಂದೆ.

"ನಾನೂ ಕೇಳಿದೆ. ಫೋರ್‌ಮ್ಯಾನ್ ಬೀಳುತ್ತಿದ್ದ ಗೋಡೆಗೆ ಔಷಧಿ ಹೇಳಿದ, ಬೀಳಿಸಲಿಕ್ಕೆ ಹೇಳಿದ್ದಲ್ಲ ಎಂದ. ನನಗೆ ನಿಮ್ಮ ಮೇಲೆ ಸಿಟ್ಟು ಇತ್ತು. ಈಗಲೂ ಸ್ವಲ್ಪ ಇದೆ."

ಆ ಕಡೆ ಹೆಂಗಸರ ಮಾತು, ಪಾತ್ರೆಯ ಸದ್ದು ಕೇಳುತ್ತಿತ್ತು. ಸಿಪ್ಪೆ ಕುದಿಸುತ್ತಿದ್ದೇವೆ ಎಂದಳು. ಮುಂದಿನ ವಾರ ಗೋಡೆಗೆ ಬಳಿಯುವುದು. ಬಳಿಯುವಾಗ ಆ ಗೋಡೆಗೆ ಕೈ ಹಾಕಿದವರ ಹೆಸರುಗಳನ್ನೆಲ್ಲ ಒಂದೊಂದಾಗಿ ಗಟ್ಟಿಯಾಗಿ ಹೇಳುವುದು ಅವರ ಮನೆಯ ಕ್ರಮವಂತೆ. ಮೊದಲು ಅಪ್ಪನದ್ದು. ಈಗ ತಮ್ಮನದ್ದು.

"ನಿಮ್ಮದನ್ನೂ ಸೇರಿಸಬೇಕು ಅಂತ ಹೇಳಿ ಹೋಗಿದ್ದಾನೆ. ಆದರೆ ಫೋರ್‌ಮ್ಯಾನ್ ಅಂದ ಅಷ್ಟೇ, ಹೆಸರು ಹೇಳಲಿಲ್ಲ. ಹೋದ ವರ್ಷ ಬಳಿಯುವಾಗ ಹೇಳಲಿಕ್ಕೆ ಆಗಲಿಲ್ಲ ನನಗೆ. ಏನು ನಿಮ್ಮ ಹೆಸರು?"

"ಬೀಳಿಸಿದವನ ಹೆಸರು ಹೇಳ್ತಾರಾ ಸಿಸ್ಟರ್?"

"ಕೈ ಹಾಕಿದವರದ್ದೆಲ್ಲ ಹೇಳ್ತೇವೆ" ಎಂದಳು.

ಹೇಳಿದೆ. ಅವಳು ಎರಡು ಸಲ ತಪ್ಪಾಗಿ ಹೇಳಿದಳು, ನಾನು ತಿದ್ದಿದೆ. ಮೂರನೆಯ ಸಲ ಸರಿಯಾಗಿ, ಪೂರ್ತಿಯಾಗಿ, ನಮ್ಮ ಊರಿನವರು ಕರೆಯುವ ಹಾಗೆಯೇ ಹೇಳಿದಳು. ಅವಳ ಧ್ವನಿ ತಮ್ಮನದ್ದೇ. ಸೈಟಿನಲ್ಲಿ ಅಷ್ಟು ವರ್ಷ ಒಟ್ಟಿಗೆ ಉಂಡೆವು, ಬೆವರಿದೆವು, ಬೈದುಕೊಂಡೆವು. ಅವನು ನನ್ನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ಇನ್ನು ಕೇಳುವುದೂ ಇಲ್ಲ.